ನೀರು ಕೇಳದೆ ಮನೆ ನೋಡಬಾರದು

ಹಲಸೂರು

ನಾನು ಓದಿದ್ದು ಮೂರನೇ ಕ್ಲಾಸು. ಅದೂ ಪೂರ್ತಿ ಆಗಲಿಲ್ಲ. ಮಧ್ಯದಲ್ಲಿ ತಮ್ಮ ಹುಟ್ಟಿದ, ತೊಟ್ಟಿಲು ತೂಗಲು ಒಬ್ಬರು ಬೇಕಾಯಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಲಂಡನ್ನಿನ ಚರಿತ್ರೆ ಸರಿಯಾಗಿ ಬರೆದಿಲ್ಲ ಎಂದು ಆಮೇಲೆ ಯಾರೂ ನನ್ನ ಮೇಲೆ ಬರಬಾರದು. ಅಲ್ಲಿ ಯಾವ ರಾಜ ಯಾವಾಗ ಸತ್ತ ಎಂಬುದು ನನಗೆ ಗೊತ್ತಿಲ್ಲ. ಅಲ್ಲಿನ ನಲ್ಲಿ ಹೇಗಿರುತ್ತದೆ ಎಂಬುದು ಗೊತ್ತಿದೆ.

ಹೋಗಿದ್ದು ಮಗಳು ಶ್ಯಾಮಲಾ ಕರೆದಳು ಎಂದು. ನಮ್ಮ ಗಲ್ಲಿಯಲ್ಲಿ ಯಾರಿಗೆ ಹೇಳಿದರೂ ಮೊದಲು ಎಷ್ಟು ತಿಂಗಳು ಎಂದು ಕೇಳುತ್ತಿದ್ದರು. ತಾಯಿಯನ್ನು ಲಂಡನ್ನಿಗೆ ಕರೆಸಿಕೊಳ್ಳುವುದು ಬಾಣಂತನಕ್ಕೆ ಮಾತ್ರ ಎಂದು ಅವರ ಲೆಕ್ಕ. ಶ್ಯಾಮಲಾಳ ಮಗಳೇ ಆಗಲೇ ಕಾಲೇಜು ಸೇರಿ ಹಾಸ್ಟೆಲಿನಲ್ಲಿದ್ದಳು. ಇವಳು ಕರೆದದ್ದು ಬೇರೆಯದಕ್ಕೆ.

ಅವಳಿರುವುದು ಲಂಡನ್ನಿನ ಒಂದು ಹಳೆಯ ಬಡಾವಣೆಯಲ್ಲಿ. ಅಲ್ಲಿ ಹಿಂದೆ ಹೆಸರುವಾಸಿ ಹೆಂಗಸರು ಇದ್ದ ಮನೆಗಳು ಬೇಕಾದಷ್ಟು. ಭಾನುವಾರ ಬಂದರೆ ಜನ ಗುಂಪು ಕಟ್ಟಿಕೊಂಡು ಆ ಮನೆಗಳನ್ನು ನೋಡಲು ಬರುತ್ತಾರೆ. ಅವರನ್ನು ಒಬ್ಬರು ನಡೆಸಿಕೊಂಡು ಹೋಗಿ, ಒಂದೊಂದು ಮನೆಯ ಮುಂದೆ ನಿಲ್ಲಿಸಿ, ಇಲ್ಲಿ ಇಂಥವಳಿದ್ದಳು, ಹೀಗೆ ಮಾಡಿದಳು ಎಂದು ಹೇಳಬೇಕು. ಅದು ಒಂದು ಕೆಲಸ. ಆ ಬಡಾವಣೆಯ ಸಂಘದವರು ಅದಕ್ಕೆ ತರಬೇತಿ ಕೊಟ್ಟು, ಕೊನೆಗೆ ಬೀದಿಯಲ್ಲೇ ಪರೀಕ್ಷೆ ಇಡುತ್ತಾರೆ. ಶ್ಯಾಮಲಾ ಎಲ್ಲ ಕಲಿತಿದ್ದಳು. ಪರೀಕ್ಷೆ ಒಂದು ಬಾಕಿ ಇತ್ತು. ಪಾಸಾದರೆ ಭಾನುವಾರದ ನಡಿಗೆ ಅವಳದು. ಇಲ್ಲದಿದ್ದರೆ ಲೈಬ್ರರಿಯಲ್ಲಿ ಪುಸ್ತಕ ಜೋಡಿಸುವ ಹಳೆಯ ಕೆಲಸವೇ ಗತಿ. ಅದರಲ್ಲಿ ಮಾತಾಡಿದರೆ ಬೈಯುತ್ತಾರೆ.

"ಅಮ್ಮಾ, ನೀನು ಜೊತೇಲಿದ್ರೆ ಧೈರ್ಯ" ಎಂದಳು ಫೋನಿನಲ್ಲಿ.

ನನ್ನನ್ನು ಜಗಳಕ್ಕೆ ಕರೆದವರುಂಟು. ಧೈರ್ಯಕ್ಕೆ ಕರೆದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ.

ಶ್ಯಾಮಲಾ ಬಾಯಿಲ್ಲದ ಹುಡುಗಿ. ಹುಟ್ಟಿದಾಗಲೇ ಅಳಲಿಲ್ಲ. ನಮ್ಮ ಕಡೆ ಹೆರಿಗೆ ಮಾಡಿಸುತ್ತಿದ್ದವಳು ಶಿವಾಜಿನಗರದ ಖೈರುನ್‌ಬೀ. ಅವಳು ಮಗುವನ್ನು ಕಾಲು ಹಿಡಿದು ತಲೆಕೆಳಗೆ ಮಾಡಿ, "ರೋ ಬೇಟಿ, ರೋ" ಎಂದು ಬೈಯುತ್ತಾ ಬೆನ್ನಿಗೆ ಒಂದು ಏಟು ಹಾಕಿದಳು. ಇಲಿಮರಿಯಂತೆ ಒಂದು ಕೀಚು ಶಬ್ದ ಬಂತು. ಆಮೇಲೆ ಆ ಹುಡುಗಿ ಜೀವನವಿಡೀ ಅಷ್ಟರಲ್ಲೇ ನಡೆಸಿದಳು. ಸಂತೆಯಲ್ಲಿ ಕೈತಪ್ಪಿ ಹೋದರೂ ಅಮ್ಮಾ ಎಂದು ಕೂಗುತ್ತಿರಲಿಲ್ಲ, ನಿಂತಲ್ಲೇ ನಿಂತಿರುತ್ತಿದ್ದಳು. ಅವಳು ಈಗ ಇಂಗ್ಲಿಷರಿಗೆ ಇಂಗ್ಲಿಷಿನಲ್ಲಿ, ಅದೂ ಬೀದಿಯಲ್ಲಿ ನಿಂತು, ಭಾಷಣ ಮಾಡುತ್ತಾಳಂತೆ. ಅದನ್ನು ನೋಡಲಿಕ್ಕಾದರೂ ಹೋಗಬೇಕಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ನಮ್ಮ ಗಲ್ಲಿಯಲ್ಲಿ ಒಂದು ಪದ್ಧತಿ ಉಂಟು. ಬೇರೆಯವರ ಮನೆಯನ್ನು ಸುಮ್ಮನೆ ನಿಂತು ನೋಡಬಾರದು. ಹೊಸ ಬಣ್ಣ ಬಳಿದಿರಲಿ, ಮೇಲೊಂದು ರೂಮು ಎತ್ತಿರಲಿ, ನೋಡಬೇಕೆನಿಸಿದರೆ ಬಾಗಿಲು ತಟ್ಟಿ ಕುಡಿಯಲು ನೀರು ಕೇಳಬೇಕು. ನೀರು ಕುಡಿದು ನೋಡಿದರೆ ನೆಂಟರು ನೋಡಿದಂತೆ. ಕುಡಿಯದೆ ನೋಡಿದರೆ ಕಣ್ಣು ಹಾಕಿದಂತೆ. ನನಗೆ ಇದನ್ನು ಹೇಳಿಕೊಟ್ಟವರು ನಮ್ಮತ್ತೆ. ಶ್ಯಾಮಲಾಳ ಸಂಬಂಧ ನೋಡುವಾಗ ಗಂಡಿನ ಕಡೆಯ ಮುದುಕರೊಬ್ಬರು ಗುರುತು ಹೇಳದೆ ಬಂದು ನೀರು ಕೇಳಿದರು. ಒಂದು ಲೋಟ ಕುಡಿದು ಗೋಡೆ ನೋಡಿದರು, ಇನ್ನೊಂದು ಕುಡಿದು ತಾರಸಿ ನೋಡಿದರು, ಮೂರನೆಯದಕ್ಕೆ ಕೈ ಚಾಚಿದಾಗ ಮದುವೆ ಆದಂತೆಯೇ ಎಂದು ನನಗೆ ಗೊತ್ತಾಯಿತು.

ವಿಮಾನ

ಏರ್‌ಪೋರ್ಟು ಇನ್ನೂ ಊರೊಳಗೇ ಇದ್ದ ಕಾಲ ಅದು. ಆಟೋದಲ್ಲಿ ಹೋಗಿಬಿಡಬಹುದಿತ್ತು. ಎಷ್ಟೋ ವರ್ಷ ನಾನು ಒಣಹಾಕಿದ ಬಟ್ಟೆಯ ಮೇಲೆ ವಿಮಾನ ಹಾರಿದೆ. ನಾನೇ ವಿಮಾನದಲ್ಲಿ ಕೂತ ಮೇಲೆ ನನ್ನ ಬಟ್ಟೆ ನನಗೆ ಕಾಣಬೇಕು ಎನ್ನುವುದು ನ್ಯಾಯ. ಅದಕ್ಕೇ ಮಹಡಿ ಮೇಲೆ ಒಂದು ಕೆಂಪು ಸೀರೆಯನ್ನು ಉದ್ದಕ್ಕೆ ಹರವಿ, ನಾಲ್ಕು ಮೂಲೆಗೆ ಕಲ್ಲಿಟ್ಟು ಹೊರಟಿದ್ದೆ. ನಾನು ಬರುವವರೆಗೂ ತೆಗೆಯಬೇಡ ಎಂದು ಪಕ್ಕದ ಮನೆ ಸೆಲ್ವಿಗೆ ಹೇಳಿದ್ದೆ. ವಿಮಾನ ಎದ್ದಾಗ ಕೆಳಗೆ ಹಲಸೂರು ಕೆರೆ ಕಂಡಿತು, ಹಿಡಿಯಷ್ಟು ತೆಂಗಿನ ಮರ ಕಂಡವು, ಸೀರೆ ಹುಡುಕುವಷ್ಟರಲ್ಲಿ ಮೋಡ ಬಂತು. ಪಕ್ಕದಲ್ಲಿ ಕೂತಿದ್ದವರ ಮೇಲೆ ಅಡ್ಡಬಿದ್ದು ನೋಡಿದ್ದಷ್ಟೇ ಲಾಭ.

ನನಗೆ ಬರುವ ಇಂಗ್ಲಿಷು ಎರಡು ಮಾತು. ಹೌ ಮಚ್, ಟೂ ಮಚ್. ಹಲಸೂರು ಮಾರ್ಕೆಟಿನಲ್ಲಿ ಮಿಲಿಟರಿಯವರ ಹೆಂಡತಿಯರು ತರಕಾರಿ ಕೊಳ್ಳುವುದನ್ನು ನೋಡಿ ಕಲಿತದ್ದು. ಲಂಡನ್ನಿನಲ್ಲಿ ಇಳಿದ ಮೇಲೆ ಗಾಜಿನ ಗೂಡಿನೊಳಗಿದ್ದ ಆಫೀಸರು ಏನೋ ಕೇಳಿದ. ನಾನು ಟೂ ಮಚ್ ಎಂದೆ. ಅವನು ಮತ್ತೆ ಕೇಳಿದ. ಹೆಚ್ಚು ಕಮ್ಮಿ ಮಾಡಿಕೋ ಎಂಬ ಹಾಗೆ ತಲೆ ಆಡಿಸಿದೆ. ಎಷ್ಟು ದಿನ ಇರುತ್ತೀರಿ ಎಂದು ಕೇಳಿದ್ದಂತೆ ಅವನು. ಶ್ಯಾಮಲಾ ಆಮೇಲೆ ಹೇಳಿದಳು. ಹಾಗಾದರೆ ನನ್ನ ಎರಡು ಉತ್ತರಗಳೂ ಸರಿಯಾಗಿಯೇ ಇದ್ದವು.

ಮುಂದೆ ಇನ್ನೊಬ್ಬ ನನ್ನ ಪೆಟ್ಟಿಗೆ ಬಿಚ್ಚಿ ಕುಟ್ಟಾಣಿ ಹೊರಗೆ ತೆಗೆದ. ನನಗೆ ಹಲ್ಲಿಲ್ಲ, ಎಲೆ ಅಡಿಕೆಯನ್ನು ಕುಟ್ಟಿಯೇ ಬಾಯಿಗೆ ಹಾಕಬೇಕು. ಇದೇನು ಎಂಬಂತೆ ನೋಡಿದ. ಬಾಯಿ ತೆರೆದು ಒಸಡು ತೋರಿಸಿದೆ. ಅವನು ಆ ಕಡೆ ತಿರುಗಿಕೊಂಡ, ಹೋಗಿ ಎಂದು ಕೈ ಮಾಡಿದ.

ಶ್ಯಾಮಲಾಳ ಮನೆ

ಅಲ್ಲಿನ ಮನೆಗಳಿಗೆ ಎರಡು ನಲ್ಲಿ. ಒಂದರಲ್ಲಿ ಕುದಿಯುವ ನೀರು, ಒಂದರಲ್ಲಿ ಕೊರೆಯುವ ನೀರು. ಎರಡರ ಮಧ್ಯೆ ಕೈ ಇಟ್ಟರೆ ಏನೂ ಬೀಳುವುದಿಲ್ಲ. ನಮ್ಮಲ್ಲಿ ಒಂದೇ ನಲ್ಲಿ, ಅದೂ ದಿನ ಬಿಟ್ಟು ದಿನ, ಆದರೆ ಬಂದಾಗ ಮುಖ ತೊಳೆಯಬಹುದು. ಇಷ್ಟು ವರ್ಷ ನಮ್ಮನ್ನು ಆಳಿದವರು ಇವರೇನಾ ಎಂದು ಅಳಿಯನನ್ನು ಕೇಳಿದೆ.

"ಆಳೋಕೆ ಬಂದಿದ್ದೇ ಅದಕ್ಕೇ ಇರ್ಬೇಕು ಅತ್ತೆ, ಮುಖ ತೊಳ್ಕೊಳ್ಳೋಕೆ" ಎಂದ ಕುಮಾರ. ನೀರು ಕುಡಿದು ಸಂಬಂಧ ಒಪ್ಪಿದ ಆ ಮುದುಕರ ಮಗ. ದೊಡ್ಡ ಹೋಟೆಲಿನಲ್ಲಿ ಅಡುಗೆ ಕೆಲಸ. ಊರಿಗೆಲ್ಲ ಬೇಯಿಸಿ ಹಾಕುತ್ತಾನೆ, ಮನೆಗೆ ಬಂದರೆ ಸ್ಟವ್ ಕಡೆ ತಿರುಗಿಯೂ ನೋಡುವುದಿಲ್ಲ.

ಬೀದಿಯಲ್ಲಿ ಎಲ್ಲ ಬಾಗಿಲೂ ಮುಚ್ಚಿರುತ್ತದೆ. ಹೊಸಲಿನ ಮೇಲೆ ಒಬ್ಬಳೂ ಕೂತಿರುವುದಿಲ್ಲ. ಯಾರಾದರೂ ಸತ್ತಿದ್ದಾರೇನೋ ಎಂದು ಮೊದಲ ದಿನ ಮೆಲ್ಲಗೆ ಮಾತಾಡಿದೆ. ಬಸ್ಸಿಗೆ ಇಬ್ಬರೇ ಇದ್ದರೂ ಒಬ್ಬರ ಹಿಂದೆ ಒಬ್ಬರು ನಿಲ್ಲುತ್ತಾರೆ. ನಮ್ಮ ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಇವರನ್ನು ತಂದು ನಿಲ್ಲಿಸಿದರೆ ಅಲ್ಲೇ ಮುದುಕರಾಗಿಬಿಡುತ್ತಾರೆ.

ಶ್ಯಾಮಲಾ ದಿನವೂ ಅಡುಗೆಮನೆಯಲ್ಲಿ ಫ್ರಿಜ್ಜಿನ ಮುಂದೆ ನಿಂತು ಪಾಠ ಒಪ್ಪಿಸುತ್ತಿದ್ದಳು. ಫ್ರಿಜ್ಜಿನ ಸದ್ದೇ ಜೋರಾಗಿ ಕೇಳುತ್ತಿತ್ತು. ಸಂಘದ ಮೇಡಂ ಒಬ್ಬಳು ಜೊತೆಯಲ್ಲೇ ನಡೆಯುತ್ತಾಳಂತೆ. ಹಿಂದಿನ ಸಲವೂ ಶ್ಯಾಮಲಾ ಪರೀಕ್ಷೆಗೆ ಹೋಗಿದ್ದಳು, ದನಿ ಕೇಳುವುದಿಲ್ಲ ಎಂದು ವಾಪಸು ಕಳಿಸಿದ್ದರು. ಈ ಸಲವೂ ಕೇಳದಿದ್ದರೆ ಇನ್ನು ಕರೆಯುವುದಿಲ್ಲ ಎಂದಿದ್ದರು.

ಅವಳಿಗೆ ಇನ್ನೊಂದು ಭಯವೂ ಇತ್ತು. ನಡಿಗೆಯಲ್ಲಿ ಬರುವ ಮೂರನೆಯ ಮನೆಯಲ್ಲಿ ಒಬ್ಬ ಮುದುಕಿ ಇದ್ದಾಳೆ. ಜನ ಬಂದು ಮನೆ ಮುಂದೆ ನಿಂತರೆ ಅವಳಿಗೆ ಆಗುವುದಿಲ್ಲ. ಗಿಡಕ್ಕೆ ನೀರು ಹಾಕುವ ಕ್ಯಾನು ತಂದು ಕಿಟಕಿಯಿಂದ ತಲೆ ಮೇಲೆ ಸುರಿಯುತ್ತಾಳೆ. ಅದಕ್ಕೇ ಅಲ್ಲಿ ಎದುರು ಪಾದಚಾರಿ ದಾರಿಯಲ್ಲಿ ನಿಂತು, ಬೇಗ ಹೇಳಿ, ಮುಂದೆ ಹೋಗಿಬಿಡುವುದು ಎಂದು ಶ್ಯಾಮಲಾಳ ಯೋಚನೆ.

"ಅಮ್ಮಾ, ನಿಂಗೆ ಕೈ ಮುಗೀತೀನಿ. ಬರೀ ಜೊತೇಲಿ ನಡಿ. ಯಾರ ಹತ್ರಾನೂ ಏನೂ ಹೇಳ್ಬೇಡ."

ಆಯಿತು ಎಂದೆ. ಹೇಳಬೇಡ ಎಂದಳು, ಕೇಳಬೇಡ ಎನ್ನಲಿಲ್ಲ.

ಮೊದಲ ಮನೆ, ಎರಡನೇ ಮನೆ

ಭಾನುವಾರ ಬಿಸಿಲು ಬಂದಿತ್ತು. ಅಲ್ಲಿ ಬಿಸಿಲು ಬಂದರೆ ಹಬ್ಬ, ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ನಾನು ಸೀರೆಯ ಕೆಳಗೆ ಕುಮಾರನ ಬೂಟು ಹಾಕಿಕೊಂಡು ಹೊರಟೆ. ಗುಂಪಿನಲ್ಲಿ ಹೆಚ್ಚಿನವರು ನನ್ನ ವಯಸ್ಸಿನ ಹೆಂಗಸರು. ಹಿಂದೆ ಹಲಗೆಗೆ ಕಾಗದ ಸಿಕ್ಕಿಸಿಕೊಂಡ ಪರೀಕ್ಷೆ ಮೇಡಂ.

ಮೊದಲ ಮನೆಯ ಗೋಡೆಗೆ, ಹಿಂದೆ ಅಲ್ಲಿದ್ದವಳ ಹೆಸರು ಬರೆದ, ತಟ್ಟೆಯಂಥ ನೀಲಿ ಬಿಲ್ಲೆ ಬಡಿದಿದ್ದರು. ಅಲ್ಲಿದ್ದವಳು ಹೆಂಗಸರಿಗೂ ಓಟು ಬೇಕೆಂದು ಬೀದಿಗಿಳಿದು, ದೊಡ್ಡವರ ಮನೆಯ ಗಾಜು ಒಡೆದು ಜೈಲಿಗೆ ಹೋದವಳು. ಶ್ಯಾಮಲಾ ನನಗೆ ಮನೆಯಲ್ಲೇ ಹೇಳಿದ್ದಳು, ಅಲ್ಲಿ ಹೇಳಿದ್ದು ಯಾರಿಗೂ ಕೇಳಲಿಲ್ಲ. ಹಿಂದಿದ್ದವರು ಕಿವಿಗೆ ಕೈ ಕೊಟ್ಟು ಬಗ್ಗಿದರು. ಮೇಡಂ ಕಾಗದದ ಮೇಲೆ ಏನೋ ಗೀಚಿದಳು.

ನನಗೆ ನಮ್ಮ ಗಲ್ಲಿಯ ಕನ್ನಿಯಮ್ಮ ನೆನಪಾದಳು. ಬೆಳಿಗ್ಗೆ ಅಕ್ಕಿಹಿಟ್ಟಿನ ಪುಟ್ಟು ಮಾರುತ್ತಿದ್ದವಳು. ಗಲ್ಲಿಗೆ ನಲ್ಲಿ ಇಲ್ಲದಿದ್ದಾಗ ಮನೆಮನೆಯಿಂದ ಒಡಕು ಮಡಕೆ ಎತ್ತಿಸಿ, ಹೆಂಗಸರನ್ನೆಲ್ಲ ಕರೆದುಕೊಂಡು ಹೋಗಿ ಇಂಜಿನಿಯರ ಆಫೀಸಿನ ಮೆಟ್ಟಿಲ ಮೇಲೆ ಒಂದೊಂದಾಗಿ ಒಡೆಸಿದಳು. ಮುಂದೆ ನಿಂತು ಒಡೆದವಳು ನಾನು, ಅದಕ್ಕೇ ಬಲ್ಲೆ. ನಲ್ಲಿ ಬಂತು. ಬಿಲ್ಲೆಗಿಲ್ಲೆ ಯಾರೂ ಹಾಕಲಿಲ್ಲ. ಅದಕ್ಕೆ ಕನ್ನಿಯಮ್ಮನ ನಲ್ಲಿ ಎಂದೇ ಹೆಸರು. ಅವಳ ಸೊಸೆಯರು ಈಗಲೂ ಅದರ ಕೆಳಗೇ ಜಗಳವಾಡುತ್ತಾರೆ. ಇದಕ್ಕಿಂತ ದೊಡ್ಡ ಮರ್ಯಾದೆ ಏನಿದೆ?

ಎರಡನೆಯ ಮನೆ ಒಬ್ಬ ಡಾಕ್ಟರಮ್ಮನದು. ಹೆಣ್ಣು ಡಾಕ್ಟರಾಗಬಾರದು ಎಂದವರ ಜೊತೆ ಹೋರಾಡಿ ಓದಿದವಳಂತೆ. ಪಾಪ, ಓದಿಯೂ ಹೋರಾಡಬೇಕು. ನಮ್ಮ ಖೈರುನ್‌ಬೀಗೆ ಯಾರು ಕಲಿಸಿದರು ಎಂದು ಕೇಳಿದರೆ, ಹೆತ್ತವರು ಎನ್ನುತ್ತಿದ್ದಳು. ಅವಳ ತಂದೆ ತಾಯಿ ಅಲ್ಲ, ಅವಳ ಕೈಯಲ್ಲಿ ಹೆತ್ತ ನಾವೆಲ್ಲ. ಇಷ್ಟನ್ನು ನಾನು ಮನಸ್ಸಿನಲ್ಲೇ ಹೇಳಿಕೊಂಡೆ. ಮಗಳಿಗೆ ಮಾತು ಕೊಟ್ಟಿದ್ದೆ. ಶ್ಯಾಮಲಾ ಪಾಠ ಬರೆದುಕೊಂಡ ಚೀಟಿಗಳಿಂದ ಮುಖ ಎತ್ತಲೇ ಇಲ್ಲ. ಮೇಡಂ ಮತ್ತೆ ಗೀಚಿದಳು.

ಮೂರನೇ ಮನೆ

ಎದುರು ದಾರಿಯಲ್ಲಿ ನಿಂತೆವು. ಕೆಂಪು ಬಾಗಿಲು, ಗೋಡೆಯ ಮೇಲೆ ಬಿಲ್ಲೆ, ಹೂಕುಂಡ. ಬಟ್ಟೆ ಒಗೆಯುವ ಹೆಂಗಸರಿಗೆ ಆ ಮನೆಯಲ್ಲಿ ಓದು ಬರಹ ಕಲಿಸಿದವಳೊಬ್ಬಳಿದ್ದಳಂತೆ. ಶ್ಯಾಮಲಾ ತುಟಿ ಆಡಿಸುತ್ತಿದ್ದಳು. ಗುಂಪಿನವರೆಲ್ಲ ಕತ್ತೆತ್ತಿ ಮನೆ ನೋಡುತ್ತಿದ್ದರು. ಆಗ ಕಿಟಕಿಯ ಪರದೆ ಅಲ್ಲಾಡಿತು.

ಒಳಗಿನವರು ನಮ್ಮನ್ನು ನೋಡಿಬಿಟ್ಟರು. ನೋಡಿದ ಮೇಲೂ ನೀರು ಕೇಳದೆ ನಿಂತಿದ್ದರೆ ನಮ್ಮಂಥ ಕೆಟ್ಟವರು ಯಾರು? ಒಂದು ಮನೆ, ಎರಡು ಮನೆ ಸಹಿಸಿಕೊಂಡಿದ್ದೆ, ಅಲ್ಲಿ ಯಾರೂ ಇದ್ದಂತೆ ಕಾಣಲಿಲ್ಲ. ಇಲ್ಲಿ ಕಾಲು ತಡೆಯಲಿಲ್ಲ. ರಸ್ತೆ ದಾಟಿದೆ. ಒಂದು ಸೈಕಲ್ಲಿನವನು ಬ್ರೇಕು ಹಾಕಿ ನನ್ನ ಹತ್ತಿರವೇ ಸಾರಿ ಕೇಳಿದ. ಬಾಗಿಲು ತಟ್ಟಿ, "ಅಮ್ಮಾ, ಕುಡಿಯೋಕೆ ಸ್ವಲ್ಪ ನೀರು ಕೊಡ್ತೀರಾ?" ಎಂದು ನಮ್ಮ ಗಲ್ಲಿಯಲ್ಲಿ ಕೂಗುವ ಹಾಗೇ ಕೂಗಿದೆ.

ಬಾಗಿಲು ತೆರೆಯಿತು. ನನಗಿಂತ ಹಿರಿಯಳು, ಬೆಳ್ಳಿ ಕೂದಲು, ಮೂಗು ಕೆಂಪು. ಕೈಯಲ್ಲಿ ಹಸಿರು ಕ್ಯಾನು, ಉದ್ದ ಮೂತಿಯದು.

ಶ್ಯಾಮಲಾ ಹೇಳಿದ್ದೆಲ್ಲ ಮರೆತೇ ಹೋಗಿ ನನಗೆ ಎಷ್ಟು ಸಂತೋಷವಾಯಿತು, ಎಂಥ ಸಂಸ್ಕಾರ, ಕೇಳಿದ ಕೂಡಲೇ ನೀರು ಹಿಡಿದುಕೊಂಡು ಬಂದಿದ್ದಾಳಲ್ಲ ಎಂದು. ಲೋಟ ಇರಲಿಲ್ಲ, ಇರಲಿ. ಬಗ್ಗಿ ಬೊಗಸೆ ಒಡ್ಡಿದೆ.

ಅವಳು ನನ್ನ ಬೊಗಸೆ ನೋಡಿದಳು, ತನ್ನ ಕ್ಯಾನು ನೋಡಿದಳು. ತಲೆ ಮೇಲೆ ಸುರಿಯಲೆಂದು ತಂದದ್ದು, ತಲೆಯೇ ಬಗ್ಗಿ ಕೈ ಚಾಚಿದರೆ ಏನು ಮಾಡುತ್ತಾಳೆ? ಮೆಲ್ಲಗೆ ಬಗ್ಗಿಸಿದಳು. ನಾನು ಕುಡಿದೆ. ಗೊಬ್ಬರದ ರುಚಿ ಇತ್ತು. ಅಲ್ಲಿನ ನೀರೇ ಹಾಗಿರಬೇಕು ಎಂದುಕೊಂಡು ಇನ್ನೊಂದು ಬೊಗಸೆ ಹಿಡಿದೆ.

ಶ್ಯಾಮಲಾ ಓಡಿ ಬಂದಳು, ಚೀಟಿಗಳು ರಸ್ತೆಯಲ್ಲಿ ಹಾರಿಹೋದವು. ಮುದುಕಿಗೆ ಏನೋ ಹೇಳಿದಳು. ಮುದುಕಿ ಕಿವಿ ಮುಂದೆ ಮಾಡಿದಳು. ಮತ್ತೆ ಹೇಳಿದಳು. ಮುದುಕಿ ಇನ್ನೂ ಮುಂದೆ ಬಂದಳು. ಕಿವುಡಿ. ಒಳ್ಳೇ ಕಿವುಡಿ. ಕ್ಯಾನು ಇನ್ನೂ ಕೈಯಲ್ಲೇ ಇತ್ತು, ನಾನು ಇನ್ನೂ ಬಗ್ಗಿಯೇ ಇದ್ದೆ. ಆಗ ಶ್ಯಾಮಲಾ ಕಿರುಚಿದಳು.

ಹೆತ್ತಾಗಿನಿಂದ ನಾನು ಕೇಳದ ದನಿ ಅದು. ನಮ್ಮ ಪದ್ಧತಿ, ನೀರು, ನೆಂಟಸ್ತಿಕೆ ಎಲ್ಲವನ್ನೂ ಇಂಗ್ಲಿಷಿನಲ್ಲಿ ಕಿರುಚಿ ಹೇಳಿದಳು. ಎದುರು ದಾರಿಯಲ್ಲಿದ್ದ ಗುಂಪು ಕಿವಿಯಿಂದ ಕೈ ತೆಗೆಯಿತು. ಮುದುಕಿಯೂ ಕಿರುಚಿಯೇ ಉತ್ತರ ಕೊಟ್ಟಳು. ಏನಂತೆ ಎಂದು ಕೇಳಿದೆ.

"ಡೋರತಿ ಅಂತ ಇವ್ರ ಹೆಸ್ರು. ಇಷ್ಟು ವರ್ಷದಲ್ಲಿ ಯಾರೂ ಬಾಗಿಲು ತಟ್ಟಿಲ್ವಂತೆ ಅಮ್ಮ. ಎಲ್ರೂ ಗೋಡೆ ನೋಡ್ಕೊಂಡು ಹೋಗ್ತಾರಂತೆ. ಬಿಲ್ಲೇಲಿರೋ ಹೆಂಗಸು ಇಲ್ಲಿದ್ದಿದ್ದು ಒಂದು ಚಳಿಗಾಲ ಅಂತೆ. ಇವ್ರು ಹುಟ್ಟಿದ್ದೇ ಈ ಮನೇಲಂತೆ."

"ಹೇಳು ಅವ್ರಿಗೆ. ನಮ್ಮಲ್ಲೂ ಹಂಗೇ. ಹೆಸ್ರು ಬೇಕಂದ್ರೆ ಬೇಗ ಖಾಲಿ ಮಾಡ್ಬೇಕು."

ಶ್ಯಾಮಲಾ ಅದನ್ನೂ ಕಿರುಚಿದಳು. ಡೋರತಮ್ಮ ಕೆಮ್ಮಿದಳೋ ನಕ್ಕಳೋ ತಿಳಿಯಲಿಲ್ಲ, ಕ್ಯಾನು ಕೆಳಗಿಟ್ಟಳು. ನಿಮ್ಮ ಊರಿನಲ್ಲಿ ಯಾರ ಮನೆಗೆ ಬಿಲ್ಲೆ ಹಾಕುತ್ತೀರಿ ಎಂದು ಕೇಳಿದಳಂತೆ. ಶ್ಯಾಮಲಾ ಹೊಸಲಿನ ಮೇಲೆ ನಿಂತು ಕನ್ನಿಯಮ್ಮನ ಮಡಕೆಗಳ ಕಥೆ ಹೇಳಿದಳು, ಖೈರುನ್‌ಬೀ ತನ್ನ ಬೆನ್ನಿಗೆ ಹೊಡೆದ ಕಥೆ ಹೇಳಿದಳು. ಚೀಟಿ ಇಲ್ಲ, ತಲೆ ತಗ್ಗಿಸಿದ್ದೂ ಇಲ್ಲ. ಗುಂಪು ತಾನಾಗಿಯೇ ರಸ್ತೆ ದಾಟಿ ಬಂತು. ಗುಂಪಿನ ಹೆಂಗಸೊಬ್ಬಳು ಹೆದರುತ್ತಾ ನೀರು ಕೇಳಿದಳು. ಡೋರತಮ್ಮ ಒಳಗೆ ಹೋಗಿ ಲೋಟದಲ್ಲೇ ತಂದಳು. ಮೊದಲು ಬಂದಿದ್ದಕ್ಕೆ ನನಗೆ ಕ್ಯಾನು.

ಪರೀಕ್ಷೆ ಮೇಡಂ ಗಡಿಯಾರ ನೋಡಿ ಗಂಟಲು ಸರಿಪಡಿಸಿಕೊಂಡಳು. ಹೊತ್ತು ಮುಗಿಯಿತು, ಇನ್ನೂ ಅರ್ಧ ಮನೆಗಳು ಉಳಿದಿವೆ, ಹೇಳಬೇಕಾದ್ದನ್ನು ಬಿಟ್ಟು ಬೇರೆಯದು ಹೇಳಲಾಗಿದೆ, ಸಂಘದವರು ಸೇರಿ ಮಾತಾಡಿ ತಿಳಿಸುತ್ತೇವೆ ಎಂದಳಂತೆ. ಶ್ಯಾಮಲಾಳ ಮುಖ ಮತ್ತೆ ಇಲಿಮರಿ ಆಯಿತು.

ರಸ್ತೆಯಲ್ಲಿ ಹಾರಿದ ಚೀಟಿಗಳನ್ನು ಒಂದೊಂದಾಗಿ ಆರಿಸಿಕೊಂಡು ಹೊರಟಳು. ನನಗೆ ಬೈಯಲಿ ಎಂದು ದಾರಿಯುದ್ದಕ್ಕೂ ಕಾದೆ, ಬೈಯಲಿಲ್ಲ. ಮನೆಗೆ ಬಂದ ಮೇಲೆ ನನ್ನ ಹೊಟ್ಟೆ ಕೆಟ್ಟಿತು. ಕುಮಾರ ಸ್ಟವ್ ಹಚ್ಚಿ ಗಂಜಿ ಮಾಡಿದ. ಚೆನ್ನಾಗಿತ್ತು, ಹೇಳಲಿಲ್ಲ. ಹೇಳಿದರೆ ಹೋಟೆಲಿನಲ್ಲಿದ್ದಂತೆ ಬೀಗುತ್ತಾನೆ.

ಮತ್ತೆ ಹಲಸೂರು

ನಾನು ಹೊರಡುವವರೆಗೂ ಸಂಘದವರಿಂದ ಸುದ್ದಿ ಬರಲಿಲ್ಲ. ಶ್ಯಾಮಲಾ ಏರ್‌ಪೋರ್ಟಿನಲ್ಲಿ ಕಣ್ಣು ಒರೆಸಿಕೊಂಡಳು. ನಾನು ಬಂದು ಕೆಡಿಸಿದೆನೇನೋ ಎಂದು ನನಗೂ ಅನಿಸದೆ ಇರಲಿಲ್ಲ. ವಿಮಾನದಲ್ಲಿ ನಿದ್ದೆ ಹತ್ತಲಿಲ್ಲ.

ಇಳಿಯುವಾಗ ಮಾತ್ರ ಕಿಟಕಿಯಿಂದ ನೋಡಿದೆ. ಒಂದು ತಾರಸಿಯ ಮೇಲೆ ಕೆಂಪಗೆ ಉದ್ದಕ್ಕೆ ಕಂಡಿತು. ನನ್ನ ಸೀರೆ. ಪಕ್ಕದವರಿಗೆ ಬೆರಳಿಟ್ಟು ತೋರಿಸಿದೆ, ಅದೇ ನಮ್ಮನೆ ಎಂದು.

ಮನೆಗೆ ಬಂದರೆ ಬಾಗಿಲಲ್ಲಿ ಗಲ್ಲಿಯ ಹೆಂಗಸರೆಲ್ಲ. ಲಂಡನ್ನಿಗೆ ಹೋದವಳು ಹೇಗಾಗಿದ್ದಾಳೆ ಎಂದು ನೋಡಬೇಕಲ್ಲ. ಸೆಲ್ವಿ ಮುಂದೆ ಬಂದು, "ಅಕ್ಕಾ, ಒಂದು ಲೋಟ ನೀರು ಕೊಡಿ" ಎಂದಳು, ಪದ್ಧತಿ ಪ್ರಕಾರ.

ಒಳಗೆ ಹೋಗಿ ನಲ್ಲಿ ತಿರುಗಿಸಿದೆ. ಗಾಳಿ ಬಂತು.

"ನೀರು ಬಂದು ಎಷ್ಟೋ ದಿನ ಆಯ್ತಕ್ಕ" ಎಂದಳು ಸೆಲ್ವಿ. ಗೊತ್ತಿದ್ದೂ ಕೇಳಿದ್ದಳು. ತನ್ನ ಮನೆಗೆ ಹೋಗಿ ಒಂದು ಕೊಡ ಹೊತ್ತು ತಂದಳು. ಅದರಲ್ಲೇ ಒಂದು ಲೋಟ ತುಂಬಿ ಅವಳಿಗೇ ಕೊಟ್ಟೆ. ಕುಡಿದು, ಸಮಾಧಾನವಾಗಿ ನನ್ನ ಪೆಟ್ಟಿಗೆ, ಕುಮಾರನ ಬೂಟು ಎಲ್ಲ ನೋಡಿದಳು.

ಸೀರೆ ವಿಮಾನದಿಂದಲೇ ಕಂಡಿತು ಎಂದೆ.

"ಎಂಗೆ ಕಾಣುತ್ತೆ? ನೀವು ಹೋದ ದಿನಾನೇ ಕೋತಿ ಬಂತು ಅಂತ ತೆಗೆದು ಮಡಚಿಟ್ಟಿದೀನಿ. ತಗೊಳ್ಳಿ."

ಹಾಗಾದರೆ ನಾನು ನೋಡಿದ್ದು ಯಾರ ಮನೆಯೋ. ಅದೂ ನೀರು ಕೇಳದೆ.

ಅಷ್ಟರಲ್ಲಿ ಫೋನು ಬಂತು. ಶ್ಯಾಮಲಾ. ಡೋರತಮ್ಮ ಕೋಲೂರಿಕೊಂಡು ಸಂಘದ ಆಫೀಸಿಗೇ ಹೋಗಿದ್ದಳಂತೆ. ಬಂದರೆ ಈ ಹುಡುಗಿಯೇ ಬರಬೇಕು, ಇವಳು ಹೇಳಿದ್ದೊಂದೇ ನನಗೆ ಕೇಳಿಸಿದ್ದು, ಬೇರೆ ಯಾರು ಬಂದರೂ ಕ್ಯಾನು ಸಿದ್ಧವಾಗಿದೆ ಎಂದು ಹೇಳಿ ಬಂದಳಂತೆ. ಬರುವ ಭಾನುವಾರದಿಂದ ನಡಿಗೆ ಶ್ಯಾಮಲಾಳದು. ಬಿಟ್ಟುಹೋದ ಮನೆಗಳನ್ನೂ ಹೇಳಬೇಕು, ಕನ್ನಿಯಮ್ಮನನ್ನೂ ಬಿಡಬಾರದು ಎಂದು ಮೇಡಂ ಹೇಳಿದ್ದಾಳಂತೆ. ನಾನು ಒಂದು ಮಾತು ಆಡಬೇಕೆಂದು ಬಾಯಿ ತೆರೆದೆ. ಅವಳು ಬಿಡಲಿಲ್ಲ. ಒಂದರ ಮೇಲೊಂದು ಹೇಳುತ್ತಲೇ ಹೋದಳು, ಫೋನನ್ನು ಕಿವಿಯಿಂದ ಮೊಳದುದ್ದ ದೂರ ಹಿಡಿದೆ. ಆಗಲೂ ಕೇಳುತ್ತಿತ್ತು.

"ಯಾರಕ್ಕ ಅದು, ಇಷ್ಟು ಜೋರಾಗಿ?" ಎಂದಳು ಸೆಲ್ವಿ ಬಾಗಿಲಿನಿಂದ.

"ನಮ್ಮ ಶ್ಯಾಮಿ ಕಣೇ" ಎಂದೆ. "ಖೈರುನ್‌ಬೀ ಹೊಡೆದ ಏಟು ಈಗ ತಾಗಿದೆ."